ಕತೆ ಓದಿ ಹೇಳುವ, ಉತ್ತರ ಬರೆದುಕೊಡುವ ಶಂಕ್ರಮ್ಮ

ಬೆಳಗಿನ ನಾಲ್ಕೂಮುಕ್ಕಾಲು. ಚೆನ್ನೈನ ವಡಪಳನಿಯ ಗುಡಿಯ ಮೈಕು ಇನ್ನೂ ಸುಮ್ಮನಿದೆ, ಹಾಲಿನ ವ್ಯಾನು ಬಂದಿಲ್ಲ. ಎರಡನೇ ಮಹಡಿಯ ಒಂಟಿ ಕೋಣೆಯಲ್ಲಿ ಶಂಕ್ರಮ್ಮ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಮೊಬೈಲನ್ನು ತಲೆದಿಂಬಿಗೆ ಆನಿಸಿಟ್ಟು ಓದತೊಡಗುತ್ತಾರೆ. ಎರಡು ಪುಟ ಮುಗಿಯುವಷ್ಟರಲ್ಲಿ ರವಿಕೆ ಬೆವರಿಗೆ ತೊಯ್ದಿರುತ್ತದೆ. ಫ್ಯಾನು ಹಾಕುವಂತಿಲ್ಲ, ಅದರ ಗರಗರ ರೆಕಾರ್ಡಿಂಗಿನಲ್ಲಿ ಸೇರಿಬಿಡುತ್ತದೆ.

“ಇಲ್ಲಿ ಒಂದು ಸಾಲು ಖಾಲಿ ಬಿಟ್ಟಾರ ನೋಡವಾ,” ಎಂದು ಕತೆಯ ನಡುವೆ ನಿಂತು ಫೋನಿಗೆ ಹೇಳುತ್ತಾರೆ. “ಯಾಕ ಬಿಟ್ಟಾರ, ನೀನ ವಿಚಾರ ಮಾಡು.”

ಈ ದನಿಯನ್ನು ಕೇಳಿ ಕಲಿಯುವವರು ಕಣ್ಣು ಕಾಣದ ವಿದ್ಯಾರ್ಥಿಗಳು. ಚೆನ್ನೈನಲ್ಲಿದ್ದುಕೊಂಡೇ ಅಂಚೆ ತೆರಪಿನ ಶಿಕ್ಷಣದಲ್ಲಿ ಕನ್ನಡ ಬಿ.ಎ. ಓದುವವರು. ಈ ಕತೆಯ ಆಶಯವೇನು, ಆ ಪ್ರಬಂಧದಲ್ಲಿ ಉಪಮೆ ಎಲ್ಲಿದೆ, ಪ್ರತಿಮೆ ಏನು ಹೇಳುತ್ತಿದೆ ಎಂದೆಲ್ಲ ಪರೀಕ್ಷೆಯಲ್ಲಿ ಕೇಳುತ್ತಾರೆ. ಆದರೆ ಆ ಪುಸ್ತಕಗಳನ್ನು ಬ್ರೈಲ್‌ನಲ್ಲಿ ಅಚ್ಚು ಹಾಕಬೇಕೆಂದು ಯಾರಿಗೂ ತೋಚಿಲ್ಲ. ಶುಲ್ಕ ಕಟ್ಟಿಸಿಕೊಳ್ಳುವಾಗ ಮಾತ್ರ ಎಲ್ಲರಿಗೂ ಕಣ್ಣು ಕಾಣುತ್ತದೆ.

ಶಂಕ್ರಮ್ಮನಿಗೆ ಈಗ ಐವತ್ತಮೂರು. ಓದಿದ್ದು ಗುಳೇದಗುಡ್ಡದಲ್ಲಿ, ಎಸ್ಸೆಸ್ಸೆಲ್ಸಿಯವರೆಗೆ. ಮದುವೆಯಾಗಿ ಬಂದದ್ದು ಇಲ್ಲಿಗೆ. ಗಂಡ ಮುರುಗೆಪ್ಪ ಸಿನಿಮಾ ಸ್ಟುಡಿಯೊಗಳಿಗೆ ಉಡುಪು ಹೊಲಿಯುತ್ತಾರೆ. ಒಂಬತ್ತು ಗಂಟೆಗೆ ಶಂಕ್ರಮ್ಮನೂ ಅದೇ ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕೂರಬೇಕು. ಹನ್ನೊಂದು ವರ್ಷದ ಹಿಂದೆ ಪಕ್ಕದ ಮನೆಯ, ಕಣ್ಣು ಕಾಣದ ಮಧುರಾ ಬಾಗಿಲಿಗೆ ಬಂದು, “ಅತ್ತೆ, ನಿಮಗೆ ಕನ್ನಡ ಓದಕ್ಕೆ ಬರತ್ತಲ್ವಾ? ಒಂದೇ ಒಂದು ಕತೆ ಓದಿ ಹೇಳ್ತೀರಾ, ಪ್ಲೀಸ್?” ಎಂದಳು. ಆ ಒಂದು ಕತೆ ಇಂದು ಇನ್ನೂರು ದಾಟಿದೆ. ಒಂಬತ್ತು ವಿದ್ಯಾರ್ಥಿಗಳು, ಮೂವತ್ತನಾಲ್ಕು ಪರೀಕ್ಷೆಗಳು. ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನು ಬರೆದುಕೊಡುವವರೂ ಶಂಕ್ರಮ್ಮನೇ. ಮಧುರಾ ಈಗ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ.

“ಮೊದಮೊದಲು ನನಗ ಉಪಮಾ ಅಂದ್ರ ತಿಂಡಿ ಅನಸತಿತ್ರಿ,” ಎಂದು ಶಂಕ್ರಮ್ಮ ನಗುತ್ತಾರೆ.

ಆ ನಗು ಕಳೆದ ವರ್ಷದ ಮಾತು ಬಂದೊಡನೆ ಮಾಯವಾಗುತ್ತದೆ.

ತಿರುವೊಟ್ಟಿಯೂರಿನ ಶಿವರಂಜನಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಕಳೆದ ವರ್ಷ ಅವಳ ಬಿ.ಎ. ಪರೀಕ್ಷೆಗೆ ಶಂಕ್ರಮ್ಮ ಬರೆಯಲು ಕೂತಿದ್ದರು. ಅಂದಿನ ಪ್ರಶ್ನೆಪತ್ರಿಕೆಯಲ್ಲಿ, ಸತ್ತ ತಾಯಿಯ ಕುರಿತ ಒಂದು ಭಾವಪ್ರಬಂಧದ ಬಗ್ಗೆ ಪ್ರಶ್ನೆಯಿತ್ತು. ಅದರಲ್ಲಿ ಸಂಜೆಯ ಬೆಳಕನ್ನು ಅರಿಶಿನದ ನೀರಿಗೆ ಹೋಲಿಸಿದ್ದರು. ಶಿವರಂಜನಿ ಹೇಳಿದಳು, ಶಂಕ್ರಮ್ಮ ಬರೆದರು: ‘ಅರಿಶಿನದ ನೀರು ಚೆಲ್ಲಿ ಹೋದರೂ ಕಲೆ ಉಳಿಯುತ್ತದೆ. ಬೆಳಕು ಹೋದ ಮೇಲೂ ಉಳಿಯುವುದು ಯಾವುದು ಎಂಬುದೇ ಈ ಪ್ರಬಂಧದ ಪ್ರಶ್ನೆ.’

ಸುತ್ತು ಹಾಕುತ್ತಿದ್ದ ಮೇಲ್ವಿಚಾರಕ ಹಿಂದೆ ನಿಂತು ಅದನ್ನು ಓದಿದರು. ಕೂಡಲೇ ಉತ್ತರಪತ್ರಿಕೆ ಕಿತ್ತುಕೊಂಡರು.

“ಏನಮ್ಮಾ, ಹುಟ್ಟುಕುರುಡಿಗೆ ಬೆಳಕಿನ ಬಗ್ಗೆ ಏನು ಗೊತ್ತು? ಇದೆಲ್ಲ ನಿನ್ನ ಕೈಚಳಕ.”

“ನಾ ಬರೇ ಬರದೀನ್ರಿ ಸಾರ್. ಉತ್ತರ ಆಕೀದು.”

“ಟೈಲರ್ ಬಂದು ನನಗೆ ಪಾಠ ಹೇಳ್ತಾಳೆ!”

ಪರೀಕ್ಷೆ ಮುಗಿಯಲು ಇನ್ನೂ ಅರ್ಧ ಗಂಟೆ ಉಳಿದಿತ್ತು. ನಕಲು ಎಂದು ಷರಾ ಬರೆದು ಇಬ್ಬರನ್ನೂ ಹೊರಗೆ ಹಾಕಿದರು. ಯಾರೋ ಕೊಟ್ಟ ಗೈಡನ್ನು ಉರುಹೊಡೆದು ಒಪ್ಪಿಸಿದ್ದರೆ ಅದೇ ಮೇಲ್ವಿಚಾರಕ ಮಿಸುಕುತ್ತಿರಲಿಲ್ಲ. ಹುಡುಗಿ ಸ್ವಂತವಾಗಿ ಯೋಚಿಸಿದಳು, ಅದೇ ಅಪರಾಧವಾಯಿತು.

“ನನ್ನ ಕಳ್ಳಿ ಅಂದಿದ್ರ ನುಂಗತಿದ್ದೆ,” ಎನ್ನುತ್ತಾರೆ ಶಂಕ್ರಮ್ಮ. “ಆಕಿ ತಲ್ಯಾಗ ಏನೂ ಇಲ್ಲ ಅಂದ್ರಲ್ಲ, ಅದನ್ನ ಹೆಂಗ ನುಂಗೂದು?”

ನುಂಗಲಿಲ್ಲ. ಕೆಲಸಕ್ಕೆ ರಜೆ ಹಾಕಿ ಪರೀಕ್ಷಾ ಕೇಂದ್ರಕ್ಕೆ ಏಳು ಸಲ ಅಲೆದರು. “ನಾಳೈಕ್ಕು ವಾಂಗ,” ನಾಳೆ ಬನ್ನಿ ಎಂದು ತಮಿಳಿನಲ್ಲಿ ಹೇಳಿ ಗುಮಾಸ್ತ ಅಟ್ಟಿದ. ಮರುದಿನ ಹೋದಾಗಲೂ ಅದನ್ನೇ ಹೇಳಿದ. ಕೊನೆಗೆ ಎರಡು ತಿಂಗಳ ಮೇಲೆ ಮೂವರ ವಿಚಾರಣಾ ಸಮಿತಿ ಕೂತಿತು.

ಅಲ್ಲಿ ಶಂಕ್ರಮ್ಮ ಕೇಳಿದ್ದು ಒಂದೇ. “ನನ್ನ ಹೊರಗ ಕಳಸ್ರಿ. ಆಕಿ ಇಲ್ಲೀತನಕ ಕೇಳಿರದ ಪ್ರಬಂಧ ಒಂದು ಓದ್ರಿ. ಆಮ್ಯಾಲ ನಿಮಗ ಬೇಕಾದ್ದು ಕೇಳ್ರಿ.”

ಬಾಗಿಲ ಹೊರಗೆ ಮುಕ್ಕಾಲು ಗಂಟೆ ನಿಂತರು, ಕುರ್ಚಿ ಕೊಡುವವರಿರಲಿಲ್ಲ. ಒಳಗೆ ಸಮಿತಿಯವರು ರೈಲು ನಿಲ್ದಾಣದ ಮೇಲಿನ ಒಂದು ಪ್ರಬಂಧ ಓದಿದರು. ಬಿಸಿಲಿಗೆ ಹೊಳೆಯುವ ಹಳಿಗಳನ್ನು ಅದರಲ್ಲಿ ಹಸಿ ಗಾಯಕ್ಕೆ ಹೋಲಿಸಲಾಗಿತ್ತು. ಈ ಹೋಲಿಕೆ ಯಾಕೆ ಎಂದು ಕೇಳಿದರು. ಶಿವರಂಜನಿ ಹೇಳಿದಳು:

“ಸಾರ್, ಮೊದಲು ಗಾಯ ಅಂತಾರೆ. ಆಮೇಲೆ ಅದೇ ಹಳಿಗೆ ಮಕ್ಕಳು ಕಿವಿ ಇಟ್ಟು ಕೇಳ್ತಾರೆ. ನೋಡೋರಿಗೆ ಅದು ಗಾಯ, ಕೇಳೋರಿಗೆ ಬರ್ತಾ ಇರೋ ರೈಲು. ಪ್ರಬಂಧದ ಥೀಮೇ ಅದು, ಇಲ್ವಾ ಸಾರ್?”

ಮೂವರಲ್ಲಿ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ. ವಿಚಾರಣೆ ಅಲ್ಲಿಗೇ ಮುಗಿಯಿತು.

ಉತ್ತರಪತ್ರಿಕೆಯನ್ನು ಮೌಲ್ಯಮಾಪನಕ್ಕೆ ಕಳಿಸಿದರು. ಅರ್ಧ ಗಂಟೆಯ ಬರಹ ಕಳೆದುಕೊಂಡೂ ಅರವತ್ತೊಂದು ಅಂಕ ಬಂತು. ಜೊತೆಗೆ ಬಂದ ಕಾಗದದಲ್ಲಿ ‘ಪ್ರಕರಣ ಕೈಬಿಡಲಾಗಿದೆ’ ಎಂದಷ್ಟೇ ಇತ್ತು. ಕ್ಷಮೆಯ ಮಾತಿಲ್ಲ, ಕಳೆದುಕೊಂಡ ಅರ್ಧ ಗಂಟೆಯ ಸುದ್ದಿಯಿಲ್ಲ. ಆ ಮೇಲ್ವಿಚಾರಕ ಈಗಲೂ ಅದೇ ಕೇಂದ್ರದಲ್ಲಿ ಸುತ್ತು ಹಾಕುತ್ತಿದ್ದಾರೆ.

ಶಿವರಂಜನಿ ಈಗ ಎಂ.ಎ.ಗೆ ಸೇರಿದ್ದಾಳೆ, ಶಂಕ್ರಮ್ಮನ ಓದು ನಡೆದೇ ಇದೆ. ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಅವರು ಪ್ರತಿ ಪರೀಕ್ಷೆಗೂ ಉತ್ತರ ಬರೆದುಕೊಡುವವರು ತುಂಬಿ ಕೊಡಬೇಕಾದ ಅರ್ಜಿಯನ್ನು ತೆಗೆದು ತೋರಿಸುತ್ತಾರೆ. ಅದರ ಕೊನೆಯ ಸಾಲು: ‘ಈ ವಿಷಯದ ಕುರಿತು ನನಗೆ ಏನೂ ತಿಳಿದಿರುವುದಿಲ್ಲ.’ ಸಹಿ ಹಾಕದಿದ್ದರೆ ಒಳಗೆ ಬಿಡುವುದಿಲ್ಲ.

“ಇದನ್ನ ತಗದು ಬಿಡಲಿರಿ,” ಎನ್ನುತ್ತಾರೆ ಆ ಸಾಲಿನ ಮೇಲೆ ಬೆರಳಿಟ್ಟು. “ಇನ್ನೂರು ಕತಿ ಓದಿದಾಕಿ ಏನೂ ತಿಳಿಯೂದಿಲ್ಲ ಅಂತ ಸಹಿ ಹಾಕೂದು ಸುಳ್ಳಲ್ಲೇನ್ರಿ? ‘ಅವರು ಹೇಳಿದ್ದನ್ನ ಹೇಳಿದಂಗ ಬರದೀನಿ’ ಅಂತ ಅಚ್ಚು ಮಾಡಸ್ಲಿ. ಅದರ ಕೆಳಗ ಎಷ್ಟು ಸಹಿ ಬೇಕಾದರೂ ಹಾಕತೀನಿ.”