ಶೈಲಾ ಅವರ ಹಳೆಯ ಸ್ಕ್ಯಾನ್

ಶೈಲಾ ಅವರೇ, ನಾನು ನಿಮಗೆ ಸುಳ್ಳು ಹೇಳಿದ್ದೇನೆ. ನಾಲ್ಕು ವರ್ಷದ ಹಿಂದೆ ಬೆಳಗಾವಿಯಲ್ಲಿ ತೆಗೆದ ನಿಮ್ಮ ಹೃದಯದ ಸಿ.ಟಿ. ಸ್ಕ್ಯಾನಿನಲ್ಲಿ ದೋಷ ಕಾಣುತ್ತಿತ್ತು — ಚೆನ್ನಾಗಿಯೇ ಕಾಣುತ್ತಿತ್ತು. ಎಲ್ಲ ಸರಿಯಿದೆ ಎಂದು ವರದಿ ಬರೆದ ಡಾಕ್ಟರು ನಾನೇ.

ನೀವು ಖಾನಾಪುರದ ಶಾಲೆಯೊಂದರಲ್ಲಿ ಆಟದ ಟೀಚರ್. ಮಕ್ಕಳ ಜೊತೆ ಓಡಿದರೆ ಎದೆ ಹಿಡಿದಂತಾಗುತ್ತದೆ ಎಂದು ಬಂದಿದ್ದಿರಿ. ಇಪ್ಪತ್ತೆಂಟರ ಹೆಣ್ಣುಮಗಳಿಗೆ ಎಂಥ ಹೃದಯರೋಗ — ಸ್ಕ್ಯಾನ್ ತೆರೆಯುವ ಮೊದಲೇ ನಾನು ತೀರ್ಮಾನಿಸಿಬಿಟ್ಟಿದ್ದೆ. ನನಗೊಂದು ಕೆಟ್ಟ ರೂಢಿಯಿತ್ತು: ಹಿಂದಿನ ರೋಗಿಯ ವರದಿಯಲ್ಲೇ ಹೆಸರು, ವಯಸ್ಸು ತಿದ್ದಿ, ಬೇಕಾದಷ್ಟು ಬದಲಿಸುವುದು. ರಕ್ತನಾಳ ಎಲ್ಲಾದರೂ ಕಟ್ಟಿಕೊಂಡಿದೆಯೇ ಎಂದಷ್ಟೇ ನೋಡಿದೆ. ಕಟ್ಟಿಕೊಂಡಿರಲಿಲ್ಲ. 'ರಕ್ತನಾಳಗಳು ಸರಿಯಾದ ಜಾಗದಿಂದ ಹುಟ್ಟಿವೆ' ಎಂಬ ಸಾಲು — ಬೇರೆ ಯಾರದೋ ಹೃದಯದ್ದು — ಹಾಗೆಯೇ ಉಳಿಯಿತು. ನಿಮ್ಮ ಹೃದಯಕ್ಕೆ ರಕ್ತ ಒಯ್ಯುವ ಬಲಗಡೆಯ ನಾಳ ಎಡಗಡೆಯಿಂದ ಹುಟ್ಟಿ, ಎರಡು ದೊಡ್ಡ ನಾಳಗಳ ನಡುವೆ ನುಸುಳಿತ್ತು. ಓಡಿದಾಗ ಒತ್ತಿಕೊಳ್ಳುತ್ತಿತ್ತು. ಅಪರೂಪದ್ದು, ನಿಜ. ಆದರೆ ಅಂಥದ್ದನ್ನು ಹುಡುಕುವುದೇ ನನ್ನ ಕೆಲಸ.

ಆ ವರದಿಯನ್ನು ನಂಬಿ ಎರಡೂವರೆ ವರ್ಷ ಓಡಿದಿರಿ. ಒಂದು ದಿನ ಮೈದಾನದಲ್ಲೇ ಬಿದ್ದಿರಿ. ಬೇರೆ ಊರಿನ ಡಾಕ್ಟರು ದೋಷ ಕಂಡುಹಿಡಿದರು. ಆಪರೇಷನ್ ಆಗಿ ಬದುಕಿದಿರಿ. ಆಮೇಲೆ ಹೊಸ ವರದಿ ಹಿಡಿದು ಬಂದು ನನ್ನೆದುರು ಕುಳಿತು ಮೆಲ್ಲಗೆ ಕೇಳಿದಿರಿ.

"ಅವಾಗಿನ ಸ್ಕ್ಯಾನ್‌ದಾಗ ಇದು ಕಾಣತಿದ್ದಿಲ್ಲೇನ್ರಿ ಸರ್? ಮನ್ಯಾಗ ಎಲ್ಲಾರೂ ನಾ ನಾಟಕ ಮಾಡತೇನಿ ಅಂದ್ರು. ಕಡೀಕ ನನಗೂ ಹಂಗ ಅನಸಾಕ ಹತ್ತಿತ್ತು."

ಅಂದು ಬೆಳಿಗ್ಗೆಯೇ — ನೀವು ಬರುವ ಸುದ್ದಿ ತಿಳಿದು — ಹಳೆಯ ಸ್ಕ್ಯಾನ್ ತೆಗೆದು ನೋಡಿದ್ದೆ. ಎಲ್ಲ ಗೊತ್ತಿತ್ತು. ಆದರೂ ಅಂದೆ, "ಇಲ್ಲರೀ, ಆಗಿನ ಮಷೀನು ಹಳೇದಿತ್ತು. ಕಾಣಾಕ ಸಾಧ್ಯನ ಇದ್ದಿದ್ದಿಲ್ಲ."

"ಹಂಗಾರ ನಿಮ್ಮ ತಪ್ಪೇನೈತಿ ಬಿಡ್ರಿ," ಎಂದು ನನಗೇ ಸಮಾಧಾನ ಹೇಳಿ ಬಸ್ಸಿಗೆ ಹೊರಟಿರಿ. ನೀವು ಬೈದಿದ್ದರೆ — ಆದರೆ ಬೈಯುವ ದಾರಿಯನ್ನೂ ನಾನೇ ಮುಚ್ಚಿದ್ದೆ. ನಾಚಿಕೆ ಎಂದರೇನು ಎಂದು ಅಂದು ತಿಳಿಯಿತು. ಬಾಯಿ ಬಿಡಲು ಮಾತ್ರ ಇನ್ನೊಂದು ವರ್ಷ ಹಿಡಿಯಿತು.

ಈ ಪತ್ರದ ಜೊತೆ ಹಳೆಯ ಸ್ಕ್ಯಾನಿನ ಪ್ರತಿಯಿದೆ. ತಪ್ಪನ್ನು ಸರಿಪಡಿಸಿ ನಾನು ಸಹಿ ಹಾಕಿದ ಹೊಸ ವರದಿಯೂ ಇದೆ. ಆಸ್ಪತ್ರೆಗೂ ಅದರ ಒಂದು ಪ್ರತಿ ಕೊಟ್ಟಿದ್ದೇನೆ. ದೂರು ಕೊಡುವುದು ಬಿಡುವುದು ನಿಮ್ಮ ಇಷ್ಟ. ನಾನು ಏನನ್ನೂ ಅಲ್ಲಗಳೆಯುವುದಿಲ್ಲ. ಮನೆಯವರಿಗೆ ಇವನ್ನು ತೋರಿಸಿ. ಅವರಿಗೆ ನಂಬಿಕೆ ಬರದಿದ್ದರೆ ಕರೆಯಿರಿ, ಖಾನಾಪುರಕ್ಕೆ ನಾನೇ ಬರುತ್ತೇನೆ. ಸುಳ್ಳು ಹೇಳಿದ್ದು ನೀವಲ್ಲ, ನಾನು ಎಂದು ಅವರೆದುರೇ ಹೇಳುತ್ತೇನೆ.