ಕೊಂಬಿನ ಬಣ್ಣ

ಚಿತ್ರಕಲೆ ಕಲಿಯಲು ಧಾರವಾಡಕ್ಕೆ ಹೊರಟಾಗ ಅಪ್ಪ, "ಬಣ್ಣ ಬಳ್ಯೂದೂ ಒಂದ್ ಉದ್ಯೋಗೇನು?" ಅಂದು ನನ್ನ ಜೊತೆ ಮಾತು ಬಿಟ್ಟ. ನಾನೂ ಅವನ ಮಗಳೇ, ಸೋಲಲಿಲ್ಲ.

ಹಿರೇಕೆರೂರಿನ ಹತ್ತಿರದ ನಮ್ಮ ಮನೆಯಲ್ಲಿ, ಕಾರಹುಣ್ಣಿಮೆಯ ದಿನ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ಬೇರೆ ಯಾರು ಹಚ್ಚಿದರೂ ಅಪ್ಪನಿಗೆ ಸರಿಬರುತ್ತಿರಲಿಲ್ಲ. ಆ ವರ್ಷ ಹಬ್ಬಕ್ಕೆ ನಾನು ಊರಿಗೆ ಹೋಗಲಿಲ್ಲ, ಬೇಕಂತಲೇ.

ಮಧ್ಯಾಹ್ನ ಅವ್ವ ಫೋನ್ ಮಾಡಿದಳು. "ಊರಿನ ಎತ್ತೆಲ್ಲಾ ಮೆರವಣಿಗಿಗೆ ಹೊಂಟಾವು. ನಮ್ಮವು ಇನ್ನೂ ಕೊಟ್ಟಿಗ್ಯಾಗ ನಿಂತಾವು."

"ಯಾಕ, ಅಪ್ಪ ಕೊಂಬಿಗೆ ಬಣ್ಣ ಹಚ್ಚಿಲ್ಲೇನು?" ಅಂದೆ.

ಅವ್ವ ಉತ್ತರ ಕೊಡುವ ಮೊದಲೇ ಅವಳ ಹಿಂದಿನಿಂದ ಅಪ್ಪನ ದನಿ ಕೇಳಿಸಿತು. "ಅದು ಆಕೀ ಉದ್ಯೋಗ ಅಂತ ಹೇಳು."