ಆಯಿ ಹೋಗಬಹುದು

ಇವತ್ತು ಶಾಲೆಯ ವರಾಂಡವನ್ನು ಫಿನಾಯಿಲ್ ಹಾಕಿ ಒರೆಸಿದ್ದರು. ಆ ವಾಸನೆಗೆ ನಾನು ಚಿಕ್ಕವಳಿದ್ದಾಗ ಕಂಡ ಶಹಾಪುರದ ಆಸ್ಪತ್ರೆ ನೆನಪಾಯಿತು.

ಅಪ್ಪನ ತಾಯಿ, ನಮ್ಮ ಆಯಿ, ಅಲ್ಲಿ ಕಬ್ಬಿಣದ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಅಪ್ಪ ಟವೆಲ್ಲಿನ ತುದಿ ಹಿಂಡುತ್ತ ಗೋಡೆಗೆ ಒರಗಿ ನಿಂತಿದ್ದ. ಡಾಕ್ಟರು ನಾಡಿ ನೋಡಿ, ನರ್ಸಿಗೆ "ಶಿ ಮೇ ಗೋ ಎನಿಟೈಮ್" ಎಂದು ಹೇಳಿ ಹೊರಟುಹೋದರು.

"ಏನಂದ್ರವ್ವ ಡಾಕ್ಟರು? ನೀ ಇಂಗ್ಲಿಷ್ ಕಲ್ತೀದಿ ಅಲ್ಲ?" ಎಂದು ಅಪ್ಪ ನನ್ನನ್ನು ಕೇಳಿದ.

ಸಗರದ ನಮ್ಮ ಶಾಲೆಯಲ್ಲಿ ಆಗಷ್ಟೇ 'ಮೇ' ಕಲಿಸಿದ್ದರು. ಅಪ್ಪಣೆ ಕೊಡುವಾಗ ಅದನ್ನು ಬಳಸುತ್ತಾರೆ ಎಂದಿದ್ದರು.

"ಆಯಿ ಯಾವಾಗ ಬೇಕಾದ್ರೂ ಹೋಗಬಹುದಂತ," ಎಂದೆ.

ಅಪ್ಪನ ಮುಖ ಅರಳಿತು. "ಮನಿಗಿ ಬಿಟ್ರೇನು? ನಾ ಜೀಪ್ ತರ್ತೀನಿ, ನೀ ಇಲ್ಲೇ ಕುಂದ್ರು," ಎಂದು ಓಡಿದ.

ಊರಿಗೆ ಹೋಗಿ ಜೀಪಿನ ಜೊತೆ ಆಯಿಯ ಒಗೆದ ಸೀರೆಯನ್ನೂ ತಂದ. ಅಷ್ಟರಲ್ಲಿ ನರ್ಸು ಆಯಿಯ ಮುಖದ ಮೇಲೆ ಬಿಳಿ ಬಟ್ಟೆ ಎಳೆದಿದ್ದಳು. ಅಪ್ಪ ಆ ಸೀರೆಯನ್ನು ಬಿಚ್ಚಿ ಆಯಿಯ ಮೇಲೆ ಹೊದಿಸಿದ. ನನಗೆ ಅಳು ಬರಲಿಲ್ಲ. ಅದೇ ಜೀಪಿನಲ್ಲಿ ಆಯಿಯನ್ನು ಮನೆಗೆ ತಂದೆವು.

ದಾರಿಯಲ್ಲಿ ಅಪ್ಪ, "ನೀ ಹೇಳಿದ್ದು ಖರೇನ ಇತ್ತು ಬಿಡವ್ವ," ಎಂದ. ಆಮೇಲೆ ಆ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಈಗ ನಾನು ಸುರಪುರದಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಇವತ್ತಿನ ಪಾಠ 'ಮೇ'. ಅದು ಅಪ್ಪಣೆಗೂ ಬರುತ್ತದೆ, ಆಗಬಹುದಾದದ್ದನ್ನು ಹೇಳುವುದಕ್ಕೂ ಬರುತ್ತದೆ ಎಂದು ಬೋರ್ಡಿನ ಮೇಲೆ ಬರೆದೆ.

"ಎರಡೂ ಒಂದೇ ಥರ ಅದಾವಲ್ರಿ ಮೇಡಂ. ಯಾವುದು ಅಂತ ಹೆಂಗ ಗೊತ್ತಾಗ್ತದ?" ಎಂದು ಒಬ್ಬ ಹುಡುಗಿ ಕೇಳಿದಳು.

"ಹೇಳಿದವರ ಮುಖ ನೋಡಬೇಕವ್ವ," ಎಂದೆ.